ಬಹು ಚಾನೆಲ್ ರೆಕಾರ್ಡಿಂಗ್‌ನಲ್ಲಿ 50 ಹರ್ಟ್ಜ್ ನಾಯ್ಸ್: ಯಾವ ದಾರಿಗೆ ಯಾವ ಮದ್ದು?

"ಸರ್, ಎಂಟೂ ಚಾನೆಲ್‌ನಲ್ಲಿ 50 ಹರ್ಟ್ಜ್ ಬರ್ತಾ ಉಂಟು. ಯಾವ ಫಿಲ್ಟರ್ ಹಾಕುದು?" ಮಣಿಪಾಲ, ನಿಟ್ಟೆ, ಸುರತ್ಕಲ್, ಮೂಡುಬಿದಿರೆ ಕಡೆ ಇಇಜಿ (ಮಿದುಳಿನ ವಿದ್ಯುತ್ ಅಲೆ), ಇಎಂಜಿ (ಸ್ನಾಯುವಿನ ವಿದ್ಯುತ್ ಅಲೆ) ಪ್ರಾಜೆಕ್ಟ್ ಮಾಡುವ ಮಕ್ಕಳು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಫಿಲ್ಟರ್ ಹೆಸರು ಹೇಳಿ ಕಳಿಸುವುದು ಸುಲಭ. ಆದರೆ ಅದಕ್ಕೂ ಮೊದಲು ಕೇಳಬೇಕಾದದ್ದು ಬೇರೆ ಉಂಟು: ಈ ನಾಯ್ಸ್, ಅಂದರೆ ಗೋಡೆಯ ಕರೆಂಟಿನ 50 ಹರ್ಟ್ಜ್ ಅಲೆ, ಒಳಗೆ ಬರ್ತಿರುವುದು ಯಾವ ದಾರಿಯಿಂದ?

ಯಾಕೆಂದರೆ ಶೀಲ್ಡ್ ಕೇಬಲ್, ಆರ್‌ಎಲ್‌ಡಿ (ಮೈಯ ಏರಿಳಿತವನ್ನು ಅಳೆದು ತಗ್ಗಿಸುವ ಸರ್ಕ್ಯೂಟ್), ಆಕ್ಟಿವ್ ಎಲೆಕ್ಟ್ರೋಡ್, ಬ್ಯಾಟರಿ, ನಾಚ್ ಫಿಲ್ಟರ್ (50 ಹರ್ಟ್ಜ್ ಒಂದನ್ನೇ ಕತ್ತರಿಸುವ ಫಿಲ್ಟರ್), ಜಾಲರಿ ಪಂಜರ, ಎಲ್ಲವೂ ಒಳ್ಳೆಯವೇ. ಆದರೆ ಒಂದೊಂದು ಒಂದೊಂದು ದಾರಿಯನ್ನು ಮಾತ್ರ ಮುಚ್ಚುತ್ತದೆ. ದಾರಿ ಗೊತ್ತಿಲ್ಲದೆ ದುಡ್ಡು ಹಾಕಿದರೆ ದುಡ್ಡೂ ಹೋಯಿತು, ನಾಯ್ಸೂ ಉಳಿಯಿತು. ಹಾಗಾಗಿ ಇಲ್ಲಿ ಬೆಲೆಯಿಂದ ಹೋಲಿಸುತ್ತಿಲ್ಲ, ದಾರಿಯಿಂದ ಹೋಲಿಸುತ್ತಿದ್ದೇನೆ.

ಮೊದಲು ಅಳತೆ

ನಮ್ಮ ಕರೆಂಟು 230 ವೋಲ್ಟ್, 50 ಹರ್ಟ್ಜ್. ಇಇಜಿ ಅಲೆಯ ಎತ್ತರ ಸುಮಾರು 10ರಿಂದ 100 ಮೈಕ್ರೋವೋಲ್ಟ್. ಇಸಿಜಿ ಸುಮಾರು 1 ಮಿಲಿವೋಲ್ಟ್. ಚರ್ಮದ ಮೇಲಿಂದ ಹಿಡಿಯುವ ಇಎಂಜಿ ಹತ್ತಾರು ಮೈಕ್ರೋವೋಲ್ಟ್‌ನಿಂದ ಕೆಲವು ಮಿಲಿವೋಲ್ಟ್ ತನಕ.

ಗೋಡೆಯೊಳಗಿನ ವೈರಿಗೂ ಕುರ್ಚಿಯಲ್ಲಿ ಕೂತವರ ಮೈಗೂ ನಡುವೆ ತಂತಿ ಇಲ್ಲ. ಆದರೂ ಗಾಳಿಯ ಮೂಲಕವೇ ಕೆಲವು ಪಿಕೋಫ್ಯಾರಡ್ ಕೆಪಾಸಿಟೆನ್ಸ್ ಇರುತ್ತದೆ. 3 ಪಿಕೋಫ್ಯಾರಡ್ ಅಂತ ಹಿಡಿದರೆ ಮೈಯೊಳಗೆ ಬರುವ ಕರೆಂಟು ಸುಮಾರು 0.2 ಮೈಕ್ರೋಆಂಪಿಯರ್. ಇಷ್ಟೇನಾ ಅನಿಸುತ್ತದೆ, ಅಲ್ವಾ? ಆದರೆ ಇದು ಗ್ರೌಂಡ್ ಎಲೆಕ್ಟ್ರೋಡ್ ಮೂಲಕ ಹೊರಗೆ ಹೋಗಬೇಕು. ಆ ಎಲೆಕ್ಟ್ರೋಡ್ ಸರಿಯಾಗಿ ಅಂಟದೆ 50 ಕಿಲೋಓಮ್ ತೋರಿಸುತ್ತಿದ್ದರೆ ಇಡೀ ಮೈ 10 ಮಿಲಿವೋಲ್ಟ್‌ನಷ್ಟು ಏರಿಳಿಯುತ್ತದೆ. ಅದು 50 ಮೈಕ್ರೋವೋಲ್ಟ್ ಇಇಜಿಯ 200 ಪಟ್ಟು.

ಎರಡು ಎಲೆಕ್ಟ್ರೋಡ್‌ಗೂ ಸಮನಾಗಿ ಬರುವ ಇಂಥ ಏರಿಳಿತಕ್ಕೆ ಕಾಮನ್ ಮೋಡ್ ಅನ್ನುತ್ತಾರೆ. ಒಳ್ಳೆಯ ಆಂಪ್ಲಿಫೈಯರ್‌ನ ಸಿಎಂಆರ್‌ಆರ್ (ಕಾಮನ್ ಮೋಡನ್ನು ತಡೆಯುವ ಶಕ್ತಿ) 100 ಡೆಸಿಬೆಲ್ ಇರುತ್ತದೆ. ಅಂದರೆ ಸಮನಾಗಿ ಬಂದದ್ದನ್ನು ಒಂದು ಲಕ್ಷ ಪಟ್ಟು ತಗ್ಗಿಸುತ್ತದೆ. 10 ಮಿಲಿವೋಲ್ಟ್ ಇದ್ದದ್ದು 0.1 ಮೈಕ್ರೋವೋಲ್ಟ್ ಆಗಬೇಕು. ಹಾಗಾದರೆ ಸ್ಕ್ರೀನ್ ಮೇಲೆ ಅಷ್ಟು ದಪ್ಪ ಗೆರೆ ಎಲ್ಲಿಂದ ಬಂತು?

ಸಮನಾಗಿ ಬರಲಿಲ್ಲ, ಅದೇ ಕಾರಣ. ಒಂದು ಎಲೆಕ್ಟ್ರೋಡ್ 5 ಕಿಲೋಓಮ್, ಪಕ್ಕದ್ದು 25 ಕಿಲೋಓಮ್ ಇದ್ದರೆ ಎರಡು ಇನ್‌ಪುಟ್‌ಗೂ ಬೇರೆ ಬೇರೆ ವೋಲ್ಟೇಜ್ ತಲುಪುತ್ತದೆ. ಆ ವ್ಯತ್ಯಾಸ ಆಂಪ್ಲಿಫೈಯರ್‌ಗೆ ನಿಜವಾದ ಸಿಗ್ನಲ್‌ನ ಹಾಗೆಯೇ ಕಾಣುತ್ತದೆ. ಇದು ಮೊದಲ ದಾರಿ. ಎರಡನೆಯದು, ವೈರುಗಳೇ ಗಾಳಿಯಿಂದ ಕರೆಂಟು ಹಿಡಿಯುವುದು. ಮೂರನೆಯದು, ವೈರುಗಳ ನಡುವಿನ ಖಾಲಿ ಜಾಗದಲ್ಲಿ ಕಾಂತಕ್ಷೇತ್ರ ಹಾದುಹೋಗುವುದು. ನಾಲ್ಕನೆಯದು ಚಾರ್ಜರ್, ಯುಎಸ್‌ಬಿ, ಸಪ್ಲೈ ಕಡೆಯಿಂದ ಬರುವುದು. ಬಹು ಚಾನೆಲ್ ಆದಾಗ ಐದನೆಯದು ಸೇರುತ್ತದೆ: ರೆಫರೆನ್ಸ್, ಅಂದರೆ ಎಲ್ಲ ಚಾನೆಲ್‌ಗಳೂ ಹೋಲಿಸಿ ಅಳೆಯುವ ಒಂದು ಎಲೆಕ್ಟ್ರೋಡ್. ಅದನ್ನು ಮುಂದೆ ಬಿಡಿಸಿ ಹೇಳುತ್ತೇನೆ, ಹೆಚ್ಚಿನವರು ಎಡವುವುದು ಅಲ್ಲಿಯೇ.

ದಾರಿ ಹುಡುಕುವ ಪರೀಕ್ಷೆ

ಏನನ್ನೂ ಕೊಳ್ಳುವ ಮೊದಲು ಇಷ್ಟು ಮಾಡಿ. ಬೋರ್ಡ್‌ನ ಎಲ್ಲ ಇನ್‌ಪುಟ್, ರೆಫರೆನ್ಸ್, ಗ್ರೌಂಡ್ ಎಲ್ಲವನ್ನೂ ಬೋರ್ಡ್ ಹತ್ತಿರವೇ ಒಂದು ತುಂಡು ವೈರಿನಿಂದ ಸೇರಿಸಿ. ಈಗಲೂ 50 ಹರ್ಟ್ಜ್ ಇದ್ದರೆ ತಪ್ಪು ಮೈಯದ್ದೂ ಅಲ್ಲ, ಎಲೆಕ್ಟ್ರೋಡ್‌ದೂ ಅಲ್ಲ. ಅದು ಸಪ್ಲೈ ಅಥವಾ ಬೋರ್ಡ್‌ನ ತಪ್ಪು. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ನೋಡಿ. ನಿಮ್ಮ ಸಮಸ್ಯೆ ಇಲ್ಲೇ ಮುಗಿಯುತ್ತದೆಯೋ ಎಂದು ನೀವೇ ನೋಡಬೇಕು.

ನಂತರ ಮೈಗೆ ಜೋಡಿಸಿ. ಎಲ್ಲ ಚಾನೆಲ್‌ನಲ್ಲೂ ಒಂದೇ ಎತ್ತರದ, ಒಂದೇ ತಾಳದ 50 ಹರ್ಟ್ಜ್ ಕಂಡರೆ ರೆಫರೆನ್ಸ್ ಅಥವಾ ಗ್ರೌಂಡ್ ಸರಿ ಇಲ್ಲ. ಒಂದೇ ಚಾನೆಲ್‌ನಲ್ಲಿ ಕಂಡರೆ ಆ ಎಲೆಕ್ಟ್ರೋಡ್ ಬಿಟ್ಟಿದೆ. ವೈರುಗಳನ್ನು ಕೈಯಲ್ಲಿ ಒಟ್ಟು ಸೇರಿಸಿ ಹಿಡಿದಾಗ ಕಡಿಮೆಯಾದರೆ ವೈರಿನ ದಾರಿ. ಕೂತವರನ್ನು ಕುರ್ಚಿ ಸಮೇತ ಕಾಲು ಸುತ್ತು ತಿರುಗಿಸಿದಾಗ ಎತ್ತರ ಬದಲಾದರೆ ಕಾಂತಕ್ಷೇತ್ರದ ಮೇಲೆ ಅನುಮಾನ ಪಡಿ.

ಕೊನೆಗೆ ಸ್ಪೆಕ್ಟ್ರಮ್ (ಯಾವ ಫ್ರೀಕ್ವೆನ್ಸಿ ಎಷ್ಟಿದೆ ಎಂದು ತೋರಿಸುವ ಗ್ರಾಫ್) ತೆಗೆಯಿರಿ. ಬರಿ 50 ಹರ್ಟ್ಜ್ ಒಂದು ಕಂಬ ಇದ್ದರೆ ಒಂದು ಕಥೆ. 150, 250, 350ರಲ್ಲೂ ಕಂಬಗಳು ನಿಂತಿದ್ದರೆ ಅಗ್ಗದ ಇನ್ವರ್ಟರ್ ಅಥವಾ ಎಲ್‌ಇಡಿ ಡ್ರೈವರ್ ಕಡೆ ನೋಡಿ. ಟೈಮ್ ಗ್ರಾಫ್‌ನಲ್ಲಿ 10 ಮಿಲಿಸೆಕೆಂಡಿಗೊಂದು ಚೂಪು ಮುಳ್ಳು ಕಂಡರೆ ತಲೆ ಎತ್ತಿ ಫ್ಯಾನ್ ನೋಡಿ. ನಮ್ಮ ಊರಿನ ಸೆಕೆಗೆ ಫ್ಯಾನ್ ಇಲ್ಲದ ಕೋಣೆ ಇಲ್ಲ. ಹಳೆಯ ತಿರುಗಿಸುವ ಎಲೆಕ್ಟ್ರಾನಿಕ್ ರೆಗ್ಯುಲೇಟರ್‌ನಲ್ಲಿ ಟ್ರಯಾಕ್ ಎಂಬ ಎಲೆಕ್ಟ್ರಾನಿಕ್ ಸ್ವಿಚ್ ಇರುತ್ತದೆ. ಅದು ಪ್ರತಿ ಅರ್ಧ ಸೈಕಲ್‌ನಲ್ಲೂ ಕರೆಂಟನ್ನು ತಟ್ಟನೆ ಕೊಡುತ್ತದೆ, ಹಾಗಾಗಿ ಸೆಕೆಂಡಿಗೆ 100 ಮುಳ್ಳು. ಉಡುಪಿಯ ಒಂದು ಫಿಸಿಯೋಥೆರಪಿ ಕೋಣೆಯಲ್ಲಿ ಮುಂಗೈ ಇಎಂಜಿ ಇದೇ ಮುಳ್ಳುಗಳಿಂದ ತುಂಬಿತ್ತು. ರೆಗ್ಯುಲೇಟರ್ 2ರಲ್ಲಿ ಇದ್ದಾಗ ಉದ್ದ ಮುಳ್ಳು, ಪೂರ್ತಿ ತಿರುಗಿಸಿದಾಗ ಮಾಯ. ಕೆಪಾಸಿಟರ್ ಇರುವ, ಟಕ್ ಟಕ್ ಎಂದು ಹೆಜ್ಜೆ ಹೆಜ್ಜೆಯಾಗಿ ತಿರುಗುವ ರೆಗ್ಯುಲೇಟರ್ ಹಾಕಿಸಿದ ಮೇಲೆ ಯಾವ ಫಿಲ್ಟರೂ ಬೇಕಾಗಲಿಲ್ಲ.

ಎಲೆಕ್ಟ್ರೋಡ್: ಮೊದಲ ದುಡ್ಡು ಇಲ್ಲಿಗೆ

ಮೂರು ಆಯ್ಕೆ. ಅಂಟಿಸುವ ಸಿಲ್ವರ್ ಕ್ಲೋರೈಡ್ ಎಲೆಕ್ಟ್ರೋಡ್, ಪೇಸ್ಟ್ ತುಂಬಿ ಇಡುವ ಚಿನ್ನದ ಕಪ್, ಜೆಲ್ ಬೇಡದ ಡ್ರೈ ಎಲೆಕ್ಟ್ರೋಡ್.

ಇಸಿಜಿ, ಇಎಂಜಿಗೆ ಅಂಟಿಸುವುದೇ ಸರಿ. ಅಗ್ಗ, ಸ್ಥಿರ, ಒಂದರಂತೆ ಇನ್ನೊಂದು ಇರುತ್ತದೆ. ಕೂದಲಿರುವ ತಲೆಗೆ ಕಪ್ ಬೇಕು. ಡ್ರೈ ಎಲೆಕ್ಟ್ರೋಡ್ ನೋಡಲು ಚಂದ, ಹಾಕಲು ಬೇಗ. ಆದರೆ ಅದರ ಇಂಪೀಡೆನ್ಸ್ (ಕರೆಂಟಿಗೆ ಒಡ್ಡುವ ತಡೆ) ನೂರಾರು ಕಿಲೋಓಮ್ ದಾಟಬಹುದು, ಮೇಲಾಗಿ ಒಂದಕ್ಕೂ ಇನ್ನೊಂದಕ್ಕೂ ಭಾರೀ ವ್ಯತ್ಯಾಸ. ಎಲೆಕ್ಟ್ರೋಡ್‌ನಲ್ಲೇ ಬಫರ್ (ಸಿಗ್ನಲನ್ನು ಗಟ್ಟಿ ಮಾಡಿ ಮುಂದೆ ದಾಟಿಸುವ ಪುಟ್ಟ ಸರ್ಕ್ಯೂಟ್) ಇಲ್ಲದ ಡ್ರೈ ಎಲೆಕ್ಟ್ರೋಡ್ ತೆಗೆದುಕೊಂಡರೆ 50 ಹರ್ಟ್ಜ್‌ಗೆ ನೀವೇ ಬಾಗಿಲು ತೆರೆದ ಹಾಗೆ.

ಯಾವುದೇ ಇರಲಿ, ಚರ್ಮ ಸಿದ್ಧ ಮಾಡುವ ಕೆಲಸವನ್ನು ಬಿಡಬೇಡಿ. ಸ್ಪಿರಿಟ್‌ನಿಂದ ಒರೆಸಿ, ಸ್ವಲ್ಪ ಉಜ್ಜುವ ಜೆಲ್ ಹಾಕಿ ಮೆಲ್ಲಗೆ ಉಜ್ಜಿ. ಇಇಜಿಯಲ್ಲಿ 5 ಕಿಲೋಓಮ್ ಒಳಗೆ ತರಬೇಕು ಎಂಬ ಹಳೆಯ ರೂಢಿ ಉಂಟು. ಇಂದಿನ ಆಂಪ್ಲಿಫೈಯರ್‌ಗಳು 20 ಕಿಲೋಓಮ್ ಇದ್ದರೂ ತಡೆದುಕೊಳ್ಳುತ್ತವೆ. ಆದರೆ ಎಲ್ಲವೂ ಹತ್ತಿರ ಹತ್ತಿರ ಇರಬೇಕು. ಒಂದು 3, ಒಂದು 30 ಆಗುವುದಕ್ಕಿಂತ ಎಲ್ಲವೂ 12 ಇರುವುದು ಮೇಲು.

ಕರಾವಳಿಯಲ್ಲಿ ಇನ್ನೆರಡು ತಾಪತ್ರಯ. ಏಪ್ರಿಲ್, ಮೇ ತಿಂಗಳ ಬೆವರಿಗೆ ಅಂಟು ನಿಲ್ಲುವುದಿಲ್ಲ. ತಲೆಯ ಮೇಲೆ ಬೆವರೂ ಜೆಲ್ಲೂ ಸೇರಿ ಪಕ್ಕದ ಎಲೆಕ್ಟ್ರೋಡ್ ತನಕ ಹರಿದರೆ ಎರಡೂ ಚಾನೆಲ್ ಒಂದೇ ಅಲೆ ತೋರಿಸುತ್ತವೆ. ನಾಯ್ಸ್ ಇಲ್ಲ ಎಂದು ಖುಷಿಪಡಬೇಡಿ, ಅದು ಶಾರ್ಟ್. ಇನ್ನೊಂದು, ಒಮ್ಮೆ ತೆರೆದ ಪ್ಯಾಕೆಟ್. ಎಸಿ ಕೋಣೆಯಲ್ಲಿ ಬಾಯಿ ತೆರೆದು ಬಿಟ್ಟರೆ ಜೆಲ್ ಒಣಗುತ್ತದೆ. ಮೇಲಿಂದ ಹೊಸದರಂತೆಯೇ ಕಾಣುತ್ತದೆ, ಅಳೆದರೆ ಗೊತ್ತಾಗುತ್ತದೆ. ಬೇರೆ ಬೇರೆ ಲೋಹದ ಎಲೆಕ್ಟ್ರೋಡ್ ಒಂದೇ ಮೈಮೇಲೆ ಬೆರೆಸಲೂ ಬೇಡಿ, ಬೇಸ್‌ಲೈನ್ ಒಂದು ಕಡೆ ನಿಲ್ಲುವುದಿಲ್ಲ.

ವೈರು: ಶೀಲ್ಡ್, ಹೆಣೆದದ್ದು, ಆಕ್ಟಿವ್

ಎಲ್ಲರೂ ಮೊದಲು ಕೇಳುವುದು ಶೀಲ್ಡ್ ಕೇಬಲ್. ಅದು ಯಾವಾಗಲೂ ಒಳ್ಳೆಯದು ಎಂಬ ನಂಬಿಕೆ ಅರ್ಧ ಮಾತ್ರ ನಿಜ.

ಶೀಲ್ಡ್ ಇಲ್ಲದ ಉದ್ದ ವೈರಿನೊಳಗೆ ಗಾಳಿಯಿಂದ ಕೆಲವು ನ್ಯಾನೋಆಂಪಿಯರ್ ಸೇರುತ್ತದೆ. 6 ನ್ಯಾನೋಆಂಪಿಯರ್ ಎಂದುಕೊಳ್ಳಿ, ಎರಡು ಎಲೆಕ್ಟ್ರೋಡ್ ನಡುವೆ 20 ಕಿಲೋಓಮ್ ವ್ಯತ್ಯಾಸ ಇದೆ ಎಂದುಕೊಳ್ಳಿ. ಗುಣಿಸಿದರೆ 120 ಮೈಕ್ರೋವೋಲ್ಟ್. ಇಇಜಿ ಪೂರ್ತಿ ಮುಳುಗಿತು. ಶೀಲ್ಡ್ ಹಾಕಿದರೆ ಈ ಕರೆಂಟು ಶೀಲ್ಡ್‌ಗೆ ಹೋಗುತ್ತದೆ. ಲಾಭ ದೊಡ್ಡದು.

ಆದರೆ ಶೀಲ್ಡ್‌ಗೂ ಒಳಗಿನ ತಂತಿಗೂ ಮೀಟರಿಗೆ ಸುಮಾರು 100 ಪಿಕೋಫ್ಯಾರಡ್ ಇರುತ್ತದೆ. 2 ಮೀಟರ್ ಕೇಬಲ್ ಅಂದರೆ 200. ಆಂಪ್ಲಿಫೈಯರ್ ಇನ್‌ಪುಟ್ ಸಾವಿರ ಮೆಗಾಓಮ್ ಎಂದು ಡೇಟಾಶೀಟ್ ಹೇಳಿದರೂ, 50 ಹರ್ಟ್ಜ್‌ನಲ್ಲಿ ಈ ಕೇಬಲ್‌ನಿಂದ ಅದು ಸುಮಾರು 16 ಮೆಗಾಓಮ್‌ಗೆ ಇಳಿಯುತ್ತದೆ. ಮೊದಲು ಹೇಳಿದ 10 ಮಿಲಿವೋಲ್ಟ್ ಕಾಮನ್ ಮೋಡ್, 20 ಕಿಲೋಓಮ್ ವ್ಯತ್ಯಾಸ ಹಾಕಿ ನೋಡಿ: ಸುಮಾರು 12 ಮೈಕ್ರೋವೋಲ್ಟ್ ನಾಯ್ಸ್. 120ಕ್ಕಿಂತ ವಾಸಿ, ಆದರೆ ಇಇಜಿಗೆ ಇದೂ ಜಾಸ್ತಿಯೇ. ಹಾಗಾಗಿ ಶೀಲ್ಡ್ ಬಳಸುವುದಾದರೆ ಅದನ್ನು ಸುಮ್ನೆ ಗ್ರೌಂಡಿಗೆ ಕಟ್ಟುವ ಬದಲು ಕಾಮನ್ ಮೋಡ್ ವೋಲ್ಟೇಜ್‌ನಿಂದಲೇ ನಡೆಸುವ ಗಾರ್ಡ್ ಡ್ರೈವ್ ಇರುವ ಬೋರ್ಡ್ ಆರಿಸಿ. ಒಳಗಿನ ತಂತಿಯೂ ಶೀಲ್ಡೂ ಒಟ್ಟಿಗೆ ಏರಿಳಿದರೆ ನಡುವಿನ ಕೆಪಾಸಿಟೆನ್ಸ್ ಇದ್ದೂ ಇಲ್ಲದಂತೆ.

ಇನ್ನು ಕಾಂತಕ್ಷೇತ್ರ. ತಾಮ್ರದ ಹೆಣಿಗೆಯ ಶೀಲ್ಡ್ 50 ಹರ್ಟ್ಜ್ ಕಾಂತಕ್ಷೇತ್ರವನ್ನು ತಡೆಯುವುದಿಲ್ಲ. ಇಲ್ಲಿ ಉಪಾಯ ಎರಡೇ: ದೂರ ಹೋಗುವುದು, ವೈರುಗಳ ನಡುವಿನ ಜಾಗ ಕುಗ್ಗಿಸುವುದು. 0.1 ಚದರ ಮೀಟರ್ ಸುತ್ತು, ಅಂದರೆ ಅಂದಾಜು ಒಂದು ಅಡಿ ಉದ್ದ ಒಂದು ಅಡಿ ಅಗಲ, 1 ಮೈಕ್ರೋಟೆಸ್ಲಾ ಕ್ಷೇತ್ರದಲ್ಲಿ ಸುಮಾರು 31 ಮೈಕ್ರೋವೋಲ್ಟ್ ಹಿಡಿಯುತ್ತದೆ. ಯುಪಿಎಸ್‌ನ ಟ್ರಾನ್ಸ್‌ಫಾರ್ಮರ್ ಪಕ್ಕದಲ್ಲಿ ಅಷ್ಟು ಕ್ಷೇತ್ರ ಸಿಗುವುದು ದೊಡ್ಡ ವಿಷಯವಲ್ಲ. ವೈರುಗಳನ್ನು ಜಡೆ ಹೆಣೆದು ತಲೆಯ ಹಿಂದಿನಿಂದ ಒಂದೇ ಕಟ್ಟಾಗಿ ಇಳಿಸಿದರೆ ಆ ಸುತ್ತು ಹತ್ತನೇ ಒಂದು ಭಾಗವೂ ಉಳಿಯುವುದಿಲ್ಲ. ಖರ್ಚು ಏನೂ ಇಲ್ಲ. ಎಂಟು ವೈರು ಎಂಟು ಕಡೆ ಜೋತುಬಿದ್ದಿರುವ ಫೋಟೋ ನೋಡಿದಾಗಲೆಲ್ಲ ನನಗೆ ಕೈ ಚಾಚಿ ಕಟ್ಟಬೇಕು ಅನಿಸುತ್ತದೆ.

ಆಕ್ಟಿವ್ ಎಲೆಕ್ಟ್ರೋಡ್‌ನಲ್ಲಿ ಚರ್ಮದ ಮೇಲೆಯೇ ಒಂದು ಪುಟ್ಟ ಬಫರ್ ಇರುತ್ತದೆ. ವೈರಿನೊಳಗೆ ಬರುವ ಸಿಗ್ನಲ್ ಹಿಂದೆ ಕಿಲೋಓಮ್ ಇಲ್ಲ, ಕೆಲವೇ ಓಮ್. ಆಗ ಆ 6 ನ್ಯಾನೋಆಂಪಿಯರ್‌ಗೆ ಗುಣಿಸಲು ಏನೂ ಸಿಗುವುದಿಲ್ಲ. ನಡೆಯುತ್ತಾ, ಓಡುತ್ತಾ ಇಎಂಜಿ ತೆಗೆಯುವವರು, ಕೂದಲ ನಡುವೆ ಡ್ರೈ ಎಲೆಕ್ಟ್ರೋಡ್ ಬಳಸುವವರು ಇದಕ್ಕೇ ದುಡ್ಡು ಹಾಕಲಿ. ಆದರೆ ಪ್ರತಿ ಎಲೆಕ್ಟ್ರೋಡ್‌ಗೂ ಸಪ್ಲೈ ವೈರು ಬೇಕು, ಕೆಟ್ಟರೆ ರಿಪೇರಿ ಕಷ್ಟ. ಕಾಂತಕ್ಷೇತ್ರದ ಸುತ್ತಿಗೆ ಇದೂ ಮದ್ದಲ್ಲ. ಮಲಗಿದವರಿಂದ ಒಂದು ಮೀಟರ್ ಒಳಗೆ ಬೋರ್ಡ್ ಇಟ್ಟು ರೆಕಾರ್ಡ್ ಮಾಡುವವರಿಗೆ ಇದು ಬೇಡ.

ಬರಿ ಗ್ರೌಂಡೋ, ಆರ್‌ಎಲ್‌ಡಿಯೋ

ಆರ್‌ಎಲ್‌ಡಿ ಅಂದರೆ ಡ್ರಿವನ್ ರೈಟ್ ಲೆಗ್. ಇಸಿಜಿಯಲ್ಲಿ ಬಲಗಾಲಿನ ಎಲೆಕ್ಟ್ರೋಡ್ ಬಳಸಿದ್ದರಿಂದ ಆ ಹೆಸರು. ಇಇಜಿ ಬೋರ್ಡ್‌ಗಳಲ್ಲಿ ಅದನ್ನೇ ಬಯಾಸ್ ಅನ್ನುತ್ತಾರೆ. ಮೈಯ ಕಾಮನ್ ಮೋಡ್ ಅಳೆದು, ತಲೆಕೆಳಗು ಮಾಡಿ, ಮೈಗೇ ಹಿಂದೆ ಕೊಡುವುದು ಅದರ ಕೆಲಸ. ಇದರ ವಿನ್ಯಾಸವನ್ನು ಲೆಕ್ಕ ಸಮೇತ ಬಿಡಿಸಿಟ್ಟದ್ದು 1983ರಲ್ಲಿ ವಿಂಟರ್ ಮತ್ತು ವೆಬ್‌ಸ್ಟರ್ ಬರೆದ ಲೇಖನ. ಗೇನ್ (ಎಷ್ಟು ಪಟ್ಟು ಹಿಗ್ಗಿಸುತ್ತದೆ ಎಂಬುದು) 40 ಇದ್ದರೆ 50 ಕಿಲೋಓಮ್‌ನ ಕೆಟ್ಟ ಗ್ರೌಂಡ್ ಎಲೆಕ್ಟ್ರೋಡ್ ಸುಮಾರು 1.2 ಕಿಲೋಓಮ್‌ನದ್ದಾಗಿ ವರ್ತಿಸುತ್ತದೆ. 10 ಮಿಲಿವೋಲ್ಟ್ ಇದ್ದದ್ದು ಕಾಲು ಮಿಲಿವೋಲ್ಟ್ ಆಗುತ್ತದೆ. ಮೊದಲ ದಾರಿಗೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ. ಮೂರು ಚಾನೆಲ್ ಮೇಲಿದ್ದರೆ ಕಣ್ಣು ಮುಚ್ಚಿ ಇದನ್ನೇ ಆರಿಸಿ.

ಎರಡು ಎಚ್ಚರ. ಇಇಜಿ ಓದುವ ಎಂಟು ಚಾನೆಲ್‌ನ ಎಡಿಎಸ್1299 ಚಿಪ್‌ನಲ್ಲಿ ಯಾವ ಯಾವ ಚಾನೆಲ್‌ನಿಂದ ಕಾಮನ್ ಮೋಡ್ ಅಳೆಯಬೇಕು ಎಂದು ಬಯಾಸ್ ಸೆನ್ಸ್ ರಿಜಿಸ್ಟರ್‌ನಲ್ಲಿ ಒಂದೊಂದು ಬಿಟ್ ಇಟ್ಟು ಹೇಳಬಹುದು. ಎಂಟರಲ್ಲಿ ಐದೇ ಎಲೆಕ್ಟ್ರೋಡ್ ಹಾಕಿ, ಎಂಟೂ ಬಿಟ್ ಆನ್ ಬಿಟ್ಟರೆ ಗಾಳಿಯಲ್ಲಿ ತೇಲುತ್ತಿರುವ ಮೂರು ಇನ್‌ಪುಟ್ ಬಯಾಸ್‌ನ್ನು ಎತ್ತಲೋ ಎಳೆಯುತ್ತವೆ. ಆಮೇಲೆ ಎಲ್ಲ ಚಾನೆಲ್ ಕೆಡುತ್ತದೆ. ಹಾಕದ ಚಾನೆಲ್‌ನ ಬಿಟ್ ತೆಗೆಯಿರಿ, ಆ ಚಾನೆಲ್ ಆಫ್ ಮಾಡಿ. ಎರಡನೆಯದು, ಒಂದು ಮೈಗೆ ಒಂದೇ ಬಯಾಸ್. 16 ಚಾನೆಲ್‌ಗಾಗಿ ಎರಡು ಬೋರ್ಡ್ ಸೇರಿಸಿದಾಗ ಎರಡೂ ಬಯಾಸ್ ಬೇರೆ ಬೇರೆಯಾಗಿ ಮೈಗೆ ಕೊಟ್ಟರೆ ಅವು ಒಂದನ್ನೊಂದು ತಳ್ಳಾಡುತ್ತವೆ.

ವೈರು ಹಿಡಿದ ನಾಯ್ಸ್‌ಗೆ, ಸುತ್ತಿನ ನಾಯ್ಸ್‌ಗೆ ಆರ್‌ಎಲ್‌ಡಿ ಏನೂ ಮಾಡುವುದಿಲ್ಲ. "ಆರ್‌ಎಲ್‌ಡಿ ಹಾಕಿದೆ, ಆದರೂ ಹೋಗಲಿಲ್ಲ" ಅಂದರೆ ಆ ದಾರಿ ಅದಲ್ಲ ಎಂದೇ ಅರ್ಥ.

ರೆಫರೆನ್ಸ್: ಚಾನೆಲ್ ಹೆಚ್ಚಿದಷ್ಟೂ ಕಷ್ಟ

ಒಂದು ಚಾನೆಲ್‌ನಲ್ಲಿ ಚೆನ್ನಾಗಿದ್ದ ಸರ್ಕ್ಯೂಟನ್ನೇ 32 ಮಾಡಿದಾಗ ಯಾಕೆ ಕೆಡುತ್ತದೆ? ಪ್ರತಿ ಚಾನೆಲ್‌ನ ಒಂದು ಇನ್‌ಪುಟ್ ತನ್ನದೇ ಎಲೆಕ್ಟ್ರೋಡ್‌ಗೆ ಹೋಗುತ್ತದೆ. ಆದರೆ ಇನ್ನೊಂದು ಇನ್‌ಪುಟ್ 32 ಚಾನೆಲ್‌ಗಳದ್ದೂ ಸೇರಿ ಒಂದೇ ರೆಫರೆನ್ಸ್ ಎಲೆಕ್ಟ್ರೋಡ್‌ಗೆ ಹೋಗುತ್ತದೆ. ಒಂದು ಇನ್‌ಪುಟ್ 15 ಪಿಕೋಫ್ಯಾರಡ್ ಇದ್ದರೆ ರೆಫರೆನ್ಸ್ ಮೇಲೆ 480. 50 ಹರ್ಟ್ಜ್‌ನಲ್ಲಿ ಒಂದು ಕಡೆ 212 ಮೆಗಾಓಮ್, ರೆಫರೆನ್ಸ್ ಕಡೆ ಬರಿ 6.6. ಈಗ ಎಲ್ಲ ಎಲೆಕ್ಟ್ರೋಡ್ 10 ಕಿಲೋಓಮ್ ಸಮನಾಗಿಯೇ ಇದ್ದರೂ 10 ಮಿಲಿವೋಲ್ಟ್ ಕಾಮನ್ ಮೋಡ್‌ಗೆ ಸುಮಾರು 15 ಮೈಕ್ರೋವೋಲ್ಟ್ ನಾಯ್ಸ್ ಎಲ್ಲ ಚಾನೆಲ್‌ಗೂ ಬರುತ್ತದೆ.

ಮದ್ದು ಸರಳ: ರೆಫರೆನ್ಸ್‌ಗೆ ಒಂದು ಬಫರ್ ಇಡಿ, ಅದರ ಔಟ್‌ಪುಟನ್ನು ಎಲ್ಲ ಚಾನೆಲ್‌ಗೆ ಹಂಚಿ. ಬೋರ್ಡ್ ಕೊಳ್ಳುವಾಗ ಸ್ಕಿಮ್ಯಾಟಿಕ್‌ನಲ್ಲಿ ಈ ಬಫರ್ ಉಂಟಾ ನೋಡಿ. ಇಲ್ಲದಿದ್ದರೆ ರೆಫರೆನ್ಸ್ ಎಲೆಕ್ಟ್ರೋಡ್‌ಗೆ ಅತಿ ಹೆಚ್ಚು ಸಮಯ ಕೊಟ್ಟು ಚರ್ಮ ಸಿದ್ಧ ಮಾಡಿ. ನಂತರ ಸಾಫ್ಟ್‌ವೇರ್‌ನಲ್ಲಿ ಎಲ್ಲ ಚಾನೆಲ್‌ಗಳ ಸರಾಸರಿ ಕಳೆಯಬಹುದು, ಸಮನಾಗಿ ಬಂದ ನಾಯ್ಸ್ ಚೆನ್ನಾಗಿಯೇ ಹೋಗುತ್ತದೆ. ಆದರೆ ಕೆಟ್ಟ ಚಾನೆಲ್ ಇದ್ದರೆ ಅದನ್ನು ಮೊದಲು ತೆಗೆದುಹಾಕಿ, ಇಲ್ಲದಿದ್ದರೆ ಅದರ ಕೊಳೆ ಎಲ್ಲದಕ್ಕೂ ಹಂಚಿಕೆಯಾಗುತ್ತದೆ.

ಬೋರ್ಡ್: ಆರ್ಡುಯಿನೋ ಎಡಿಸಿಯೋ, 24 ಬಿಟ್ ಚಿಪ್ಪೋ

ಎಡಿ8232 ಎಂಬ ಇಸಿಜಿ ಬೋರ್ಡ್, ಆರ್ಡುಯಿನೋ ಊನೋ ಸೇರಿಸಿ ಒಂದು ಇಸಿಜಿ ನೋಡುವುದಕ್ಕೆ ಏನೂ ತೊಂದರೆ ಇಲ್ಲ. ಕಲಿಯಲು ಅದೇ ಒಳ್ಳೆಯದು. ಎಂಟು ಚಾನೆಲ್‌ಗೆ ಎಳೆಯಬೇಡಿ. ಊನೋದಲ್ಲಿ ಅನಲಾಗ್ ಇನ್‌ಪುಟ್ ಇರುವುದೇ ಆರು, ಎಡಿಸಿ (ವೋಲ್ಟೇಜನ್ನು ಸಂಖ್ಯೆಯಾಗಿಸುವ ಭಾಗ) ಒಂದೇ, ಅದು ಸರದಿಯಲ್ಲಿ ಓದುತ್ತದೆ. ಒಂದು ಓದಿಗೆ ಸುಮಾರು 0.1 ಮಿಲಿಸೆಕೆಂಡ್. ಪಕ್ಕದ ಎರಡು ಚಾನೆಲ್ ಕಳೆದರೂ 50 ಹರ್ಟ್ಜ್‌ನ ಶೇ 3 ಉಳಿಯುತ್ತದೆ. ಮೊದಲನೆಯದರಿಂದ ಆರನೆಯದನ್ನು ಕಳೆದರೆ ಸುಮಾರು ಶೇ 16 ಉಳಿಯುತ್ತದೆ. ಎಲ್ಲ ಚಾನೆಲ್ ಒಂದೇ ಕ್ಷಣದಲ್ಲಿ ಓದುವ ಎಡಿಎಸ್1299 ತರದ ಚಿಪ್‌ಗೆ ಈ ಸಮಸ್ಯೆಯೇ ಇಲ್ಲ. ಬರಿ ಇಸಿಜಿ ಸಾಕಾದರೆ ಎಡಿಎಸ್1298.

ಬ್ಯಾಟರಿ, ಇನ್ವರ್ಟರ್, ಅರ್ತ್

ಮೈಗೆ ಅಂಟಿಕೊಂಡೇ ಇರುವ, ಬ್ಯಾಟರಿಯಲ್ಲಿ ನಡೆಯುವ, ಬ್ಲೂಟೂತ್‌ನಲ್ಲಿ ಕಳಿಸುವ ಬೋರ್ಡ್ ನಾಯ್ಸ್‌ಗೂ ಒಳ್ಳೆಯದು, ಜೀವಕ್ಕೂ ಒಳ್ಳೆಯದು. ಮೈಗೆ ಬಂದ ಕರೆಂಟು ಗ್ರೌಂಡ್ ಎಲೆಕ್ಟ್ರೋಡ್ ಮೂಲಕ ಭೂಮಿಗೆ ಹೋಗಲು ದಾರಿಯೇ ಇರುವುದಿಲ್ಲ. ಯುಎಸ್‌ಬಿ ಬೇಕೇ ಬೇಕೆಂದರೆ ಐಸೊಲೇಟರ್ (ತಂತಿಯ ನೇರ ಸಂಪರ್ಕ ಕಡಿದು ಡೇಟಾ ದಾಟಿಸುವ ಸಾಧನ) ಹಾಕಿ, ಲ್ಯಾಪ್‌ಟಾಪ್ ಚಾರ್ಜರ್ ಕಿತ್ತಿಡಿ. ಅಗ್ಗದ ಐಸೊಲೇಟರ್ ವೈದ್ಯಕೀಯ ಸುರಕ್ಷತೆಗೆ ಪರೀಕ್ಷೆಯಾದದ್ದಲ್ಲ ಎಂಬುದು ನೆನಪಿರಲಿ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ನಾಯ್ಸ್ ಕಡಿಮೆಯಾಗುತ್ತದೆ ಎಂದು ಮನುಷ್ಯರ ಮೈಯನ್ನು ಗೋಡೆಯ ಅರ್ತ್ ಪಿನ್‌ಗೆ ಕಟ್ಟಬೇಡಿ. ನಾಯ್ಸ್ ನಿಜವಾಗಿ ಕಡಿಮೆಯಾಗುತ್ತದೆ, ಅದೇ ಅಪಾಯ. ಬೇರೆ ಯಾವುದೋ ಉಪಕರಣ ಲೀಕ್ ಆದರೆ ಕರೆಂಟು ಅವರ ಮೈಯೊಳಗಿನಿಂದಲೇ ಹೋಗುತ್ತದೆ. ವೈದ್ಯಕೀಯ ಉಪಕರಣಗಳ ಐಇಸಿ 60601 ಮಾನದಂಡ ಮೈಗೆ ತಾಗುವ, ಆದರೆ ಹೃದಯಕ್ಕೆ ನೇರ ತಾಗದ ಬಿಎಫ್ ವರ್ಗದ ಉಪಕರಣಕ್ಕೆ ಮಾಮೂಲಿ ಸ್ಥಿತಿಯಲ್ಲಿ 100 ಮೈಕ್ರೋಆಂಪಿಯರ್, ಹೃದಯಕ್ಕೆ ನೇರ ತಾಗುವ ಸಿಎಫ್ ವರ್ಗಕ್ಕೆ ಬರಿ 10 ಮೈಕ್ರೋಆಂಪಿಯರ್ ಲೀಕೇಜ್ ಮಾತ್ರ ಬಿಡುತ್ತದೆ. ಆರ್‌ಎಲ್‌ಡಿ ಔಟ್‌ಪುಟ್‌ಗೆ ಸರಣಿಯಲ್ಲಿ ದೊಡ್ಡ ರೆಸಿಸ್ಟರ್ ಇಡುವುದೂ ಇದೇ ಕಾರಣಕ್ಕೆ.

ಅರ್ತ್ ವಿಷಯದಲ್ಲಿ ನಮ್ಮ ಊರಿನ ಕೆಂಪು ಕಲ್ಲಿನ ನೆಲ ಮಳೆಗಾಲದಲ್ಲಿ ಒಂದು ರೀತಿ, ಬೇಸಿಗೆಯಲ್ಲಿ ಇನ್ನೊಂದು ರೀತಿ. ನೆಲ ಒಣಗಿದಾಗ ಅರ್ತ್ ಗುಂಡಿಯ ರೆಸಿಸ್ಟೆನ್ಸ್ ಏರುತ್ತದೆ. ಜುಲೈಯಲ್ಲಿ ಸರಿಯಿದ್ದ ಲ್ಯಾಬ್ ಏಪ್ರಿಲ್‌ನಲ್ಲಿ ಕೆಟ್ಟರೆ ಗುಂಡಿಗೆ ನೀರು ಹಾಕಿ, ಎಲೆಕ್ಟ್ರಿಷಿಯನ್ ಕರೆಸಿ ಅಳೆಸಿ. ಉಪ್ಪು ಗಾಳಿಗೆ ಅರ್ತ್ ಪಟ್ಟಿಯ ಬೋಲ್ಟ್ ತುಕ್ಕು ಹಿಡಿಯುವುದೂ ಮಾಮೂಲಿ.

ಮಳೆಗಾಲದ ಕಷ್ಟ ಬೇರೆ. ಗಾಳಿಗೆ ಮರ ಬಿದ್ದು ಕರೆಂಟು ಹೋಗುತ್ತದೆ, ಇನ್ವರ್ಟರ್ ಆನ್ ಆಗುತ್ತದೆ. ಸ್ಕ್ವೇರ್ ವೇವ್ ಕೊಡುವ ಇನ್ವರ್ಟರ್‌ನಲ್ಲಿ 150, 250, 350 ಹರ್ಟ್ಜ್ ತುಂಬಿರುತ್ತದೆ. ಮೆಸ್ಕಾಂ ಕರೆಂಟಿನಲ್ಲಿ ಚೆನ್ನಾಗಿದ್ದ ನಾಚ್ ಫಿಲ್ಟರ್ ಈಗ ಒಂದು ಕಂಬ ತೆಗೆದು ಉಳಿದವನ್ನು ಬಿಡುತ್ತದೆ. ಲ್ಯಾಬ್‌ಗೆ ಹೊಸದು ಕೊಳ್ಳುವವರು ಪ್ಯೂರ್ ಸೈನ್ ವೇವ್ ಆರಿಸಿ, ಅದನ್ನು ರೆಕಾರ್ಡಿಂಗ್ ಕೋಣೆಯ ಆಚೆ ಇಡಿ.

ಫಿಲ್ಟರ್: ಕೊನೆಗೆ, ಸಿಗ್ನಲ್ ನೋಡಿ

ಇಸಿಜಿಯಲ್ಲಿ ಬರಿ ಹೃದಯ ಬಡಿತ ಎಣಿಸುವುದಾದರೆ 0.5ರಿಂದ 40 ಹರ್ಟ್ಜ್ ಸಾಕು, ನಾಚ್ ಪ್ರಶ್ನೆಯೇ ಬರುವುದಿಲ್ಲ. ರೋಗ ಗುರುತಿಸಲು 0.05ರಿಂದ 150 ಹರ್ಟ್ಜ್ ಬೇಕು. ಆಗ ಕಿರಿದಾದ ನಾಚ್ ಹಾಕಿದರೆ ಕ್ಯೂಆರ್‌ಎಸ್ (ಬಡಿತದ ಚೂಪು ಅಲೆ) ಹಿಂದೆ ಸಣ್ಣ ಸಣ್ಣ ಅಲೆ ಹುಟ್ಟುತ್ತದೆ, ಇಲ್ಲದ ಅಲೆಯನ್ನು ಡಾಕ್ಟರ್ ಓದಬೇಕಾಗುತ್ತದೆ.

ಇಇಜಿಯ ನಿಧಾನ ಅಲೆಗಳಾದ ಆಲ್ಫಾ, ಥೀಟಾ ನೋಡುವವರಿಗೆ ಒಂದು ಸುಲಭ ಉಪಾಯ. ಸೆಕೆಂಡಿಗೆ 250 ಸ್ಯಾಂಪಲ್ ಇದ್ದರೆ 50 ಹರ್ಟ್ಜ್‌ನ ಒಂದು ಸೈಕಲ್‌ಗೆ ಸರಿಯಾಗಿ 5 ಸ್ಯಾಂಪಲ್. ಐದರ ಸರಾಸರಿ ತೆಗೆಯುತ್ತಾ ಹೋದರೆ 50, 100 ಎರಡೂ ಮಾಯ. 10 ಹರ್ಟ್ಜ್ ಶೇ 94 ಉಳಿಯುತ್ತದೆ, ಆದರೆ 25 ಹರ್ಟ್ಜ್‌ನಲ್ಲಿ ಮೂರನೇ ಒಂದು ಭಾಗ ಹೋಗುತ್ತದೆ. ವೇಗದ ಬೀಟಾ ಅಲೆ ಬೇಕಾದವರಿಗೆ ಇದು ಬೇಡ.

ಇಎಂಜಿಯ ಶಕ್ತಿ ಹೆಚ್ಚಿರುವುದೇ 50 ಹರ್ಟ್ಜ್‌ನಿಂದ 150 ಹರ್ಟ್ಜ್ ಸುತ್ತ. ಅಲ್ಲಿ ನಾಚ್ ಹಾಕಿದರೆ ನಾಯ್ಸ್ ಜೊತೆ ಸ್ನಾಯುವಿನ ಸಿಗ್ನಲನ್ನೂ ಕತ್ತರಿಸಿದಂತೆ. ನನ್ನ ಮಟ್ಟಿಗೆ ಇಎಂಜಿಗೆ ನಾಚ್ ಬೇಡವೇ ಬೇಡ. ಬದಲಿಗೆ ನಾಯ್ಸ್‌ನ ಮಾದರಿ ನೋಡಿ ತನ್ನನ್ನೇ ಹೊಂದಿಸಿಕೊಂಡು ಅದನ್ನು ಕಳೆಯುವ ಅಡಾಪ್ಟಿವ್ ಫಿಲ್ಟರ್ ನೋಡಿ. ವಿಡ್ರೋ ಮತ್ತು ಸಂಗಡಿಗರು 1975ರಲ್ಲೇ ಇಸಿಜಿಯ ಲೈನ್ ನಾಯ್ಸ್ ತೆಗೆದು ತೋರಿಸಿದ ವಿಧಾನ ಅದು. ನಾಯ್ಸ್‌ನ ಮಾದರಿ ಬೇಕು, ಅದಕ್ಕಾಗಿ ಒಂದು ಖಾಲಿ ಚಾನೆಲ್‌ಗೆ ಗೇಣುದ್ದದ ವೈರು ಸಿಕ್ಕಿಸಿ ಆಂಟೆನಾ ಮಾಡಿ ಬಿಟ್ಟರೆ ಸಾಕು. ಪ್ಲಗ್‌ನಿಂದ ಟ್ರಾನ್ಸ್‌ಫಾರ್ಮರ್ ಎಳೆಯುವ ಸಾಹಸ ಬೇಡ ಮಾರಾಯ್ರೇ. ಗ್ರಿಡ್‌ನ ಫ್ರೀಕ್ವೆನ್ಸಿ 49.90ರಿಂದ 50.05 ನಡುವೆ ಇರಬೇಕೆಂದು ನಿಯಮ, ಜನರೇಟರ್‌ನಲ್ಲಿ ಇನ್ನೂ ಆಚೀಚೆ ಹೋಗುತ್ತದೆ. ಅಡಾಪ್ಟಿವ್ ಫಿಲ್ಟರ್ ಅದನ್ನು ಹಿಂಬಾಲಿಸುತ್ತದೆ, ನಾಚ್ ಹಿಂಬಾಲಿಸುವುದಿಲ್ಲ.

ಫಿಲ್ಟರ್ ಯಾವುದೇ ಇರಲಿ, ಫೈಲ್‌ನಲ್ಲಿ ಕಚ್ಚಾ ಡೇಟಾವೇ ಇರಲಿ. ಫಿಲ್ಟರ್ ಸ್ಕ್ರೀನಿಗೆ ಮಾತ್ರ.

ಜಾಲರಿ ಪಂಜರ

ಕಿಟಕಿಗೆ ಹಾಕುವ ಅಲ್ಯೂಮಿನಿಯಂ ಸೊಳ್ಳೆ ಜಾಲರಿಯಿಂದಲೇ ಪಂಜರ ಕಟ್ಟಬಹುದು. ವಿದ್ಯುತ್ ಕ್ಷೇತ್ರ ನಿಲ್ಲುತ್ತದೆ, ಕಾಂತಕ್ಷೇತ್ರ ನಿಲ್ಲುವುದಿಲ್ಲ. ಇಲ್ಲಿನ ಗಾಳಿಗೆ ಜಾಲರಿಯ ಜೋಡಣೆಗಳು ಒಂದೆರಡು ಮಳೆಗಾಲದಲ್ಲಿ ಬಿಳಿ ಪುಡಿ ಹಿಡಿದು ಸಂಪರ್ಕ ಕಳೆದುಕೊಳ್ಳುತ್ತವೆ, ಪ್ರತಿ ಹಲಗೆಗೂ ಬೇರೆ ಪಟ್ಟಿ ಹಾಕಿ ಸೇರಿಸಬೇಕು. ನನ್ನನ್ನು ಕೇಳಿದರೆ ಮೊದಲು ಕೋಣೆ ಬದಲಿಸಿ. ಸ್ವಿಚ್ ಬೋರ್ಡ್, ಲಿಫ್ಟ್, ಯುಪಿಎಸ್ ಇರುವ ಗೋಡೆಯಿಂದ ಮೂರು ಮೀಟರ್ ದೂರ ಕುರ್ಚಿ ಹಾಕಿದರೆ ಪಂಜರದ ಅರ್ಧ ಕೆಲಸ ಆಗಿರುತ್ತದೆ.

ಯಾರಿಗೆ ಯಾವುದು

ಅಂತಿಮ ವರ್ಷದ ಪ್ರಾಜೆಕ್ಟ್‌ಗೆ 8 ಚಾನೆಲ್ ಇಇಜಿ: ಕಪ್ ಎಲೆಕ್ಟ್ರೋಡ್, ಹೆಣೆದ ಸಣ್ಣ ವೈರು, ಒಂದೇ ಕ್ಷಣ ಓದುವ ಬೋರ್ಡ್, ಬಯಾಸ್ ಆನ್, ಬ್ಯಾಟರಿ. ಶೀಲ್ಡ್ ಕೇಬಲ್‌ಗೂ ಪಂಜರಕ್ಕೂ ದುಡ್ಡು ಹಾಕಬೇಡಿ.

ಫಿಸಿಯೋಥೆರಪಿಯಲ್ಲಿ ನಡಿಗೆಯ ಇಎಂಜಿ: ಬಫರ್ ಇರುವ ವೈರ್‌ಲೆಸ್ ಎಲೆಕ್ಟ್ರೋಡ್. ದುಬಾರಿ, ಆದರೆ ಇಲ್ಲಿ ಅಗ್ಗದ ದಾರಿ ಹುಡುಕಿ ಸಮಯ ಕಳೆಯಬೇಡಿ. ಬೆವರು ಒರೆಸಲು ಒಂದು ಒಣ ಟವೆಲ್ ಜೊತೆಗಿರಲಿ.

ಐಸಿಯುವಿನಲ್ಲಿ ಇಇಜಿ ತೆಗೆಯುವವರದ್ದು ಬೇರೆಯೇ ಕಷ್ಟ. ವೆಂಟಿಲೇಟರ್, ಇನ್‌ಫ್ಯೂಷನ್ ಪಂಪ್ ಯಾವುದನ್ನೂ ಆಫ್ ಮಾಡುವ ಹಾಗಿಲ್ಲ. ಅಲ್ಲಿ ಆಕ್ಟಿವ್ ಎಲೆಕ್ಟ್ರೋಡ್ ಅಥವಾ ಗಾರ್ಡ್ ಇರುವ ಕೇಬಲ್‌ಗೆ ಖರ್ಚು ಮಾಡಿ, ಪಂಪ್‌ನ ಪವರ್ ಕಾರ್ಡ್ ಇರುವ ಬದಿ ಬಿಟ್ಟು ಇನ್ನೊಂದು ಬದಿಯಿಂದ ವೈರು ಇಳಿಸಿ. ಮೋಟಾರ್ ಹಾಸಿಗೆಯ ಪ್ಲಗ್ ಸ್ವಲ್ಪ ಹೊತ್ತು ಕೀಳಬಹುದೇ ಎಂದು ಆಸ್ಪತ್ರೆಯ ಬಯೋಮೆಡಿಕಲ್ ಎಂಜಿನಿಯರ್ ಮತ್ತು ಸಿಸ್ಟರನ್ನು ಕೇಳಿ, ನೀವಾಗಿ ಕೀಳಬೇಡಿ. ರೋಗಿಯ ಮಾನಿಟರ್‌ನ ಇಸಿಜಿ ಲೀಡುಗಳಲ್ಲೂ ಆರ್‌ಎಲ್‌ಡಿ ಇರುತ್ತದೆ, ಅದನ್ನು ಮುಟ್ಟುವಂತಿಲ್ಲ. ಹಾಗಾಗಿ ನಿಮ್ಮ ಇಇಜಿ ಯಂತ್ರ ಐಸೊಲೇಟೆಡ್ ಇನ್‌ಪುಟ್ ಇರುವುದೇ ಆಗಬೇಕು. ಇದನ್ನು ಕೊಳ್ಳುವ ಮೊದಲೇ ಕಂಪನಿಯವರಿಂದ ಬರೆಸಿ ತೆಗೆದುಕೊಳ್ಳಿ.